ಸಣ್ಣ ಕಣ್ಣಿನ ಬಲೆ

ಈ ಊರಿಗೆ ಹೊಸದಾಗಿ ಬಂದವರು ಮೊದಲು ಕೇಳುವುದು, ಇಲ್ಲಿನ ಜನ ಯಾಕೆ ಹೀಗೆ ಕಿರುಚಿಕೊಂಡು ಮಾತಾಡುತ್ತಾರೆ ಎಂದು. ಪಕ್ಕದಲ್ಲೇ ಕೂತ ಗಂಡನಿಗೆ ಹೆಂಡತಿ ಉಪ್ಪು ಬೇಕೇ ಎಂದು ಕೇಳಿದರೆ ಹಿಂದಿನ ಬೀದಿಯವರು ಬೇಡ ಎನ್ನುತ್ತಾರೆ. ಹುಟ್ಟಿದ ಮಗು ಅಳದೆ ಮಲಗಿದ್ದರೆ ಅಜ್ಜಿಯರು ಅದರ ಅಂಗಾಲು ಚಿವುಟುತ್ತಾರೆ. ಹೆಣ್ಣು ನೋಡಲು ಹೋದವರು ಬಣ್ಣ ಕೇಳುವುದಿಲ್ಲ, ಅಡುಗೆ ಕೇಳುವುದಿಲ್ಲ, “ಒಸಿ ಕೂಗ್ಸಿ ನೋಡವಾ” ಎನ್ನುತ್ತಾರೆ. ನನ್ನ ತವರು ಹೊಳೆಯಾಚೆ. ಇಲ್ಲಿಂದ ನನ್ನನ್ನು ನೋಡಲು ಅಲ್ಲಿಗೆ ಬಂದಿದ್ದಾಗ, ನಾನು ಅಟ್ಟದ ಮೇಲಿದ್ದ ಬೆಕ್ಕನ್ನು ಬೈದ ಸದ್ದಿಗೆ ಬಂದವರ ಕೈಯಲ್ಲಿದ್ದ ಲೋಟ ಅಲುಗಿತಂತೆ. ಅಷ್ಟು ಸಾಕಾಯಿತು, ಒಪ್ಪಿಕೊಂಡು ಹೋದರು.

ಇದಕ್ಕೆಲ್ಲ ಕಾರಣ ಕೆರೆ. ಇಲ್ಲಿ ಸತ್ತವರ ದನಿ ಕೆರೆಯ ಮೀನಿಗೆ ಹೋಗುತ್ತದೆ. ಮಳೆಗಾಲ ಮುಗಿದು ಏರಿಯ ಹುಲ್ಲು ಹಣ್ಣಾದಾಗ ಬಲೆಯ ದಿನ ಬರುತ್ತದೆ. ಅಂದು ಊರಿಗೆಲ್ಲ ಒಂದೇ ಆದ ಬಲೆಯನ್ನು ನೀರಿನಲ್ಲಿ ಗೋಡೆಯ ಹಾಗೆ ನಿಲ್ಲಿಸಿ, ಬಿಸಿಲು ಏರಿದ ಮೇಲೆ ಎಳೆಯುತ್ತಾರೆ. ಮೀನು ಗಾಳಿಗೆ ಬಂದ ಕೂಡಲೇ ಬಾಯಿ ತೆರೆದು ಒಂದು ಮಾತು ಆಡುತ್ತದೆ. ಘನವಾದ ಮಾತೇನಲ್ಲ, ಬದುಕಿದ್ದಾಗ ಆಡಿ ಆಡಿ ಸವೆದದ್ದು. “ಯಾರ್ಲಾ ಅದು, ಬೇಲಿ ತಾವ?” “ಈ ಸತಿ ಉಪ್ಪಿನಕಾಯಿ ಕೆಟ್ಟೋಯ್ತು.” ಮೆಟ್ಟಿಲ ಮೇಲೆ ನಿಂತವರಲ್ಲಿ ಯಾರೋ ಗುರುತು ಹಿಡಿದು “ನಮ್ಮವ್ವ, ನಮ್ಮವ್ವ” ಎಂದು ಅತ್ತು ನಕ್ಕು, ಮೀನನ್ನು ತಿರುಗಿ ನೀರಿಗೆ ಬಿಡುತ್ತಾರೆ. ಆ ಕೆರೆಯ ಮೀನನ್ನು ನಾವು ತಿನ್ನುವುದಿಲ್ಲ. ಬೇರೆ ದಿನಗಳಲ್ಲಿ ನೀರಿನಿಂದ ಎತ್ತುವುದೂ ಇಲ್ಲ.

ಸತ್ತ ಮೇಲೆ ಮೂರು ಬಲೆಯೊಳಗೆ ದನಿ ಬರದಿದ್ದರೆ ಆ ಮನುಷ್ಯ ಕೆರೆಯಲ್ಲಿ ಇಲ್ಲವೆಂದೇ ಊರಿನ ತೀರ್ಮಾನ. ಮನೆಯವರು ನೀರಿಗೆ ಬೆನ್ನು ಮಾಡಿ ಮೆಟ್ಟಿಲು ಹತ್ತಿ ಬರಬೇಕು. ಆಮೇಲೆ ಬಲೆಯ ದಿನ ಅತ್ತ ಕಾಲಿಡುವಂತಿಲ್ಲ. ಬಲೆಯ ಮೇಲ್ವಿಚಾರಣೆ ನೋಡುವವರನ್ನು ನಾವು ನೀರುಗೌಡರು ಎನ್ನುತ್ತೇವೆ. ಅವರು ಪ್ರತಿ ಸಲ ಎದ್ದುನಿಂತು ಒಂದೇ ಮಾತು ಹೇಳುತ್ತಿದ್ದರು: “ನೋಡ್ರಪ್ಪಾ, ಬಂದಿರೋರೆಲ್ಲ ಬಾಯಿದ್ದೋರೇ. ಕೆರೆ ತುಂಬ ಅಂತೋರೇ ಅವ್ರೆ. ಮಾತಾಡ್ದೆ ಸತ್ತೋರ್ಗೆ ಮೀನಿಲ್ಲ.” ಅವರು ಹೇಳುವುದು ಸುಳ್ಳು ಎನ್ನಲು ಯಾರ ಬಳಿಯೂ ಏನೂ ಇರಲಿಲ್ಲ. ಬಲೆಗೆ ಬಿದ್ದವರೆಲ್ಲ ನಿಜವಾಗಿಯೂ ಬಾಯಿಬಡುಕರೇ. ಮೀನುಗಳೂ ಅಷ್ಟೆ, ಎಲ್ಲವೂ ಒಂದೇ ಅಳತೆ, ಅಂಗೈ ಮೇಲೆ ಉದ್ದಕ್ಕೆ ಮಲಗುವಷ್ಟು. ಸತ್ತ ಮೇಲೆ ಎಲ್ಲರೂ ಸಮ ಎಂದು ನಾವು ಅದಕ್ಕೂ ಒಂದು ಅರ್ಥ ಹಚ್ಚಿಕೊಂಡಿದ್ದೆವು. ಮೆಟ್ಟಿಲ ಬಳಿ ಕಾಲು ಕಚ್ಚುವ ಪುಡಿಮೀನುಗಳು ಬರೀ ಮೀನು ಎಂದುಕೊಂಡಿದ್ದೆವು. ನಡುನೀರಿನಲ್ಲಿ ಆಗಾಗ ಕಪ್ಪಗೆ ಎದ್ದು ಮುಳುಗುವುದನ್ನು ಹಳೆಯ ಮರದ ದಿಮ್ಮಿ ಎನ್ನುತ್ತಿದ್ದೆವು.

ಗಂಡನ ಹೆಸರು ಬಾಯಲ್ಲಿ ಹೇಳುವುದು ನಮ್ಮಲ್ಲಿಲ್ಲ. ಬರೆಯುವಾಗ ಬೇರೆ ದಾರಿಯಿಲ್ಲ, ಒಂದು ಸಲ ಹೇಳಿಬಿಡುತ್ತೇನೆ: ಹೊಂಬಯ್ಯ. ಹರಿಗೋಲು ಹೆಣೆಯುವವರು. ಇಡೀ ಊರು ಗಂಟಲು ಹರಿದುಕೊಳ್ಳುವಾಗ ಅವರು ಜಗಲಿಯಲ್ಲಿ ಬಿದಿರಿನ ಸೀಳು ಬಾಗಿಸುತ್ತಾ ಕೂತಿರುತ್ತಿದ್ದರು. ಹರಿಗೋಲು ಕೇಳಲು ಬಂದವರಿಗೆ ತಲೆಯಾಡಿಸುವುದು, ಬೇಡವಾದರೆ ತಲೆಯಾಡಿಸದೇ ಇರುವುದು, ಇಷ್ಟೇ ಅವರ ವ್ಯವಹಾರ. “ಕೆಂಪಾಜಿ, ನಿನ್ ಗಂಡುಂಗೆ ಒಸಿ ಮಾತು ಕಲ್ಸವ್ವ. ಆಮೇಲೆ ಗೋಳಾಡ್ಬೇಡ” ಎಂದು ಹೆಂಗಸರು ನನಗೆ ಬುದ್ಧಿ ಹೇಳುತ್ತಿದ್ದರು. ನಾನು ಕೆಣಕಿ ನೋಡಿದೆ, ಜಗಳ ತೆಗೆದು ನೋಡಿದೆ, ಸಾರಿಗೆ ಉಪ್ಪೇ ಹಾಕದೆ ಬಡಿಸಿಯೂ ನೋಡಿದೆ. ಉಂಡು ಎದ್ದು ಹೋದರು. ಸಂಜೆ ಮಾತ್ರ ಕೈಕಾಲು ತೊಳೆದು ಒಳಗೆ ಬಂದವರು ಒಂದೇ ಒಂದು ಮಾತು ಕೇಳುತ್ತಿದ್ದರು. “ಉಂಡ್ಯಾ?” ಅದೂ ಎಷ್ಟು ಮೆತ್ತಗೆ ಎಂದರೆ, ಒಲೆಯ ಮುಂದೆ ಕೂತ ನನ್ನ ಕಿವಿಗೆ ಮುಟ್ಟಿ ಅಲ್ಲಿಗೇ ಮುಗಿಯುತ್ತಿತ್ತು. ಅದಕ್ಕೆ ಉತ್ತರವಾಗಿ ನಾನು ಬುಟ್ಟಿಗಟ್ಟಲೆ ಮಾತು ಸುರಿಯುತ್ತಿದ್ದೆ. ಅವರು ಕೇಳಿಸಿಕೊಳ್ಳುತ್ತಾ ಕೂತಿರುತ್ತಿದ್ದರು. ನಮಗೆ ಮಕ್ಕಳಾಗಲಿಲ್ಲ. ಆ ಮನೆಯಲ್ಲಿ ಇದ್ದದ್ದು ನನ್ನ ಗಂಟಲು ಮತ್ತು ಅವರ ಒಂದು ಮಾತು.

ಒಂದು ಬೇಸಿಗೆ ಜ್ವರ ಬಂತು, ಇಳಿಯಲಿಲ್ಲ. ಕೊನೆಯ ಸಂಜೆಯೂ ಮಂಚದ ಮೇಲಿಂದಲೇ “ಉಂಡ್ಯಾ?” ಎಂದರು. ನಾನು ಇಲ್ಲ ಎಂದೆ. ಹೋಗಿ ಉಣ್ಣು ಎನ್ನುವ ಹಾಗೆ ಕಣ್ಣಿನಲ್ಲೇ ಅಡುಗೆಮನೆ ತೋರಿಸಿದರು. ನಾನು ಉಂಡು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಮೊದಲ ವರ್ಷದ ಬಲೆಗೆ ನಾನು ಎಲ್ಲರಿಗಿಂತ ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದೆ. ಮೀನು ಬಂದವು, ಕೂಗಾಡಿದವು, ಹೋದವು. ಅವರ ದನಿ ಇರಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಅವರ ಮುಖ ನೆನಪಿತ್ತು, ಬಿದಿರು ಸೀಳಿ ಸೀಳಿ ಒಡೆದಿದ್ದ ಹೆಬ್ಬೆರಳು ನೆನಪಿತ್ತು. ಆದರೆ ಆ ದನಿ, ದಿನವೂ ಕೇಳಿದ ಆ ದನಿ, ಒಗೆದ ಸೀರೆಯ ಬಣ್ಣದ ಹಾಗೆ ದಿನದಿನಕ್ಕೆ ಮಾಸುತ್ತಿತ್ತು. ನಾನೇ ಮೆತ್ತಗೆ ಹೇಳಿ ನೋಡುತ್ತಿದ್ದೆ, ಉಂಡ್ಯಾ ಎಂದು. ನನ್ನ ಗಂಟಲಿನಲ್ಲಿ ಅದು ಸಂತೆಯ ಕೂಗಾಗಿ ಹೊರಬರುತ್ತಿತ್ತು. ಅದೊಂದು ಮಾತು ಇನ್ನೊಂದೇ ಒಂದು ಸಲ ಕೇಳಿಸಿದರೆ ಸಾಕು ಎಂದು ನಾನು ಎಷ್ಟು ಹಂಬಲಿಸಿದೆನೆಂದರೆ, ಒಲೆಯ ಮುಂದೆ ಕೂತಾಗ ಉಸಿರು ಬಿಗಿಹಿಡಿದು ಕಾಯುತ್ತಿದ್ದೆ.

ಬಲೆ ಹೆಣೆಯುವುದು, ರಿಪೇರಿ ಮಾಡುವುದು ಹೆಂಗಸರ ಕೆಲಸ. ಪಕ್ಕದ ಮನೆಯ ಜವರಮ್ಮ ಮತ್ತು ನಾನು ಜೊತೆಗಾತಿಯರು. ದಾರವನ್ನು ಒಂದು ಮರದ ಪಟ್ಟಿಗೆ ಸುತ್ತಿ ಗಂಟು ಹಾಕುತ್ತಾ ಹೋದರೆ ಬಲೆಯ ಕಣ್ಣುಗಳೆಲ್ಲ ಒಂದೇ ಸಮ ಬರುತ್ತವೆ. ಆ ಪಟ್ಟಿ ನಮ್ಮತ್ತೆಯ ಕಾಲದ್ದು, ಅವರ ಅತ್ತೆಯ ಕಾಲದ್ದೂ ಹೌದು. ಅದು ಯಾಕೆ ಅಷ್ಟೇ ಅಗಲ ಎಂದು ಯಾರೂ ಕೇಳಿದ್ದಿಲ್ಲ. ಎರಡನೇ ವರ್ಷದ ಬಲೆಯ ದಿನ ಬೆಳಗ್ಗೆ ನೋಡಿದರೆ ಇಲಿ ಬಲೆಯನ್ನು ಕಡಿದು ತೂತು ಮಾಡಿತ್ತು. ಪಟ್ಟಿ ಜವರಮ್ಮನ ಮನೆಯಲ್ಲಿತ್ತು, ಅವಳು ಹಟ್ಟಿಯ ಕಡೆ ಹೋಗಿದ್ದಳು. ಗಂಡಸರು ಬಾಗಿಲಲ್ಲಿ ನಿಂತು ಬೇಗ ಬೇಗ ಎಂದು ಪ್ರಾಣ ತಿನ್ನುತ್ತಿದ್ದರು. ನಾನು ಪಟ್ಟಿಯ ಬದಲು ನನ್ನ ಕಿರುಬೆರಳಿಗೇ ದಾರ ಸುತ್ತಿ, ಒಂದು ಮೊಳದಷ್ಟು ಜಾಗ ಹೇಗೋ ಮುಚ್ಚಿ ಕೊಟ್ಟೆ. ಕಣ್ಣು ಸಣ್ಣವಾದವು. ಯಾರು ನೋಡುತ್ತಾರೆ ಎಂದುಕೊಂಡೆ.

ಅಂದು ಬಲೆ ಎತ್ತಿದಾಗ ಆ ತೇಪೆಯಲ್ಲಿ ಒಂದು ಪುಡಿಮೀನು ಸಿಕ್ಕಿಕೊಂಡಿತ್ತು. ಕಿರುಬೆರಳಿಗಿಂತ ಸಣ್ಣದು. ಗಂಡಸರು ಕಸದ ಜೊತೆ ಕೊಡವಲು ಹೋದರು. ಹತ್ತಿರ ನಿಂತಿದ್ದ ನನಗೆ ಅದು ಬಾಯಿ ತೆರೆದದ್ದು ಕಂಡಿತು. ಬಗ್ಗಿ ಕಿವಿಯೊಡ್ಡಿದೆ. “ಬಿಸಿ ಐತೆ, ಊದ್ಕಂಡು ತಿನ್ನು.” ಅದು ಜವರಮ್ಮನ ತಾಯಿ ಈರಾಜಮ್ಮನ ದನಿ. ನಾನು ಹೊಸದಾಗಿ ಮದುವೆಯಾಗಿ ಬಂದಾಗ ಗೋಡೆಯಾಚೆಯಿಂದ ನನಗೆ ಮುದ್ದೆ ಕೊಟ್ಟು ಇದೇ ಮಾತು ಹೇಳುತ್ತಿದ್ದವಳು. ಯಾರ ಎದುರೂ ದನಿ ಎತ್ತದ ಆ ಹೆಂಗಸನ್ನು ಕೆರೆಯಲ್ಲಿ ಇಲ್ಲವೆಂದು ತೀರ್ಮಾನಿಸಿ, ಜವರಮ್ಮನನ್ನು ಬೆನ್ನು ತಿರುಗಿಸಿ ಕಳಿಸಿ ಎಷ್ಟೋ ಕಾಲವಾಗಿತ್ತು. ಮೀನನ್ನು ನೀರಿಗೆ ಬಿಟ್ಟೆ. ಒಂದಷ್ಟು ಹೊತ್ತು ಓರೆಯಾಗಿ ತೇಲಿ, ಆಮೇಲೆ ನೆಟ್ಟಗಾಗಿ ಹೋಯಿತು.

ಜವರಮ್ಮ ಮನೆಯ ಮುಂದೆ ರಾಗಿ ಕೇರುತ್ತಿದ್ದಳು. ಬಲೆಯ ದಿನ ಅವಳು ಯಾವಾಗಲೂ ಸದ್ದಾಗುವ ಕೆಲಸವನ್ನೇ ಹಿಡಿಯುತ್ತಿದ್ದಳು, ಕೆರೆಯ ಗದ್ದಲ ಕೇಳಬಾರದೆಂದು. ನಾನು ಹೇಳಿದೆ. ಮೊರ ನಿಂತಿತು. “ಏನಂದ್ಳು?” ಎಂದಳು. ಹೇಳಿದೆ. “ಇನ್ನೊಂದ್ಸಲ ಹೇಳಕ್ಕ.” ಹೇಳಿದೆ. ಅವಳು ಮೊರವನ್ನು ನೆಲಕ್ಕಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಇಷ್ಟ್ ದಿನ ಅಲ್ಲೇ ಇದ್ಲೇನಕ್ಕ? ನಾನು ಬೆನ್ ತಿರುಗ್ಸಿ ಬಂದಾಗ್ಲೂ ಅಲ್ಲೇ ಇದ್ಲಾ?” ನಾನು ಅವಳ ಪಕ್ಕ ಕೂತು ಆ ರಾಗಿಯಲ್ಲಿ ಬೆರಳಾಡಿಸುತ್ತಿದ್ದೆ, ಅಷ್ಟೆ.

ಮಾರನೆಯ ದಿನ ಇಬ್ಬರೂ ಬಲೆ ಹರಡಿಕೊಂಡು ಕೂತೆವು. ನನ್ನ ತೇಪೆಯ ಕಣ್ಣಿಗೂ ಉಳಿದ ಕಣ್ಣಿಗೂ ಬೆರಳು ತೂರಿಸಿ ತೂರಿಸಿ ನೋಡಿದೆವು. ಈರಾಜಮ್ಮನ ಮೀನು ಪಟ್ಟಿಯ ಕಣ್ಣಿನಲ್ಲಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗಿದ್ದರೂ ಬಲೆಗೆ ಗೊತ್ತಾಗುತ್ತಿರಲಿಲ್ಲ. “ಅಲ್ಲಕ್ಕ, ಕೆರೇಲಿ ಒಂದೇ ಅಳ್ತೆ ಮೀನಿರೋದಲ್ಲ. ನಮ್ ಪಟ್ಟಿ ಒಂದೇ ಅಳ್ತೇವ್ನ ಹಿಡೀತಾ ಇರೋದು” ಎಂದಳು ಜವರಮ್ಮ. ಇಷ್ಟು ಸಣ್ಣ ವಿಷಯ ತಲೆಗೆ ಹೋಗಲು ಇಷ್ಟು ತಲೆಮಾರು ಬೇಕಾಯಿತಲ್ಲ ಎಂದು ನನಗೆ ನಗು ಬಂತು. ಹಿಂದೆಯೇ ಇನ್ನೊಂದು ಹೊಳೆಯಿತು. ಹಾಗಾದರೆ ನಮ್ಮವರೂ ಇದ್ದಾರೆ. ಎಲ್ಲೋ ಒಂದು ಕಣ್ಣಿನಿಂದ ತೂರಿಕೊಂಡು, ತಮ್ಮ ಪಾಡಿಗೆ ತಾವು.

ನೀರುಗೌಡರ ಮನೆಗೆ ಹೋದೆ. ಎತ್ತರದ ಆಳು, ಒರಟು ಮಾತು, ಒಳಗೆ ಮೆದು. “ಗೌಡ್ರೆ, ಮುಂದಿನ್ ಬಲೇಗೆ ಅರ್ಧ ಸಣ್ ಕಣ್ಣು ಹಾಕ್ತೀವಿ” ಎಂದೆ. “ಕೆಂಪಾಜಮ್ಮ, ನಿನ್ ಸಂಕ್ಟ ಗೊತ್ತು ಕಣವ್ವ. ಹಂಗಂತ ಊರ್ ಬಲೇನ ನಿನ್ ಗಂಡುನ್ ಅಳ್ತೆಗೆ ಹೊಲ್ಸಕಾಯ್ತದಾ? ಬಲೆ ಯಾರ್ ಕಡೀಕೂ ವಾಲಾದಿಲ್ಲ.” ನನಗೆ ಸಿಟ್ಟು ಬಂತು. “ವಾಲೈತೆ ಗೌಡ್ರೆ. ನಮ್ಮತ್ತೆಯೋರ್ ಪಟ್ಟಿ ಕಡೀಕೆ ವಾಲೈತೆ. ಸಣ್ಣೋರು ತೂರ್ಕಂಡು ಹೋಯ್ತಾವ್ರೆ. ದೊಡ್ಡೋರ್ಗೆ ಮೂತೀನೇ ತೂರಾದಿಲ್ಲ. ನಿಮ್ಮಪ್ಪಾರು ಬಂದವ್ರಾ ಒಂದ್ ಸತೀನಾರ?”

ಅದನ್ನು ಹೇಳಬಾರದಿತ್ತೋ ಏನೋ. ಗೌಡರ ತಂದೆ ಕೂಗಿದರೆ ಏರಿಯ ಮೇಲಿನ ಎಮ್ಮೆಗಳು ತಾವಾಗಿ ತಿರುಗುತ್ತಿದ್ದವಂತೆ. ಅಂಥವರು ಒಮ್ಮೆಯೂ ಬಲೆಗೆ ಬರಲಿಲ್ಲ. ಬರೀ ಗಂಟಲಿತ್ತು, ಒಳಗೇನೂ ಇರಲಿಲ್ಲ ಎಂದು ಜನ ಹಿಂದಿನಿಂದ ಆಡಿಕೊಂಡರು. ಗೌಡರೂ ಊರಿನ ಕಟ್ಟಳೆಗೆ ತಲೆಬಾಗಿದರು. ಅವರ ಕೆಲಸವೇ ಬಲೆಯದ್ದಾದ್ದರಿಂದ ಮೆಟ್ಟಿಲಿಗೆ ಬರದೆ ಇರುವ ಹಾಗಿಲ್ಲ. ಅದಕ್ಕೇ ಅಂದಿನಿಂದ ಬಲೆಯ ದಿನವೆಲ್ಲ ಅವರು ಕೆರೆಗೆ ಬೆನ್ನು ಮಾಡಿಯೇ ನಿಂತು ಅಪ್ಪಣೆ ಕೊಡುತ್ತಿದ್ದರು. ನಾವು ಅದನ್ನು ನೋಡಿ ನೋಡಿ, ಅದೊಂದು ಗತ್ತು ಎಂದು ಅಭ್ಯಾಸ ಮಾಡಿಕೊಂಡಿದ್ದೆವು. ಈಗ ಅವರು ಕಂಬಕ್ಕೆ ಒರಗಿದರು. “ದೊಡ್ ಕಣ್ಣೂ ಒಂದಷ್ಟು ಹಾಕವ್ವ” ಎಂದರು. ಎದುರಿಗೆ ನಿಂತ ನನಗೂ ಕಷ್ಟಪಟ್ಟು ಕೇಳಿಸಿತು.

ಆ ವರ್ಷವೆಲ್ಲ ಹೆಣೆದೆವು. ಹಳೆಯ ಪಟ್ಟಿಯ ಬಲೆ ನಡುವೆ, ಒಂದು ಕಡೆ ಕೈಮುಷ್ಟಿ ದಾಟುವಷ್ಟು ದೊಡ್ಡ ಕಣ್ಣು, ಇನ್ನೊಂದು ಕಡೆ ಬೆರಳ ತುದಿಯಷ್ಟು ಸಣ್ಣ ಕಣ್ಣು. ಸಣ್ಣ ಕಣ್ಣಿನದನ್ನು ನಾನೇ ಹೆಣೆದೆ. ಪ್ರತಿ ಗಂಟಿಗೂ ಇಲ್ಲಿ ಸಿಗುತ್ತಾರೆ, ಇಲ್ಲಿ ಸಿಗುತ್ತಾರೆ ಎಂದುಕೊಂಡೇ ಹೆಣೆದೆ. ನನಗದು ಮೂರನೇ ಬಲೆ. ಇದರಲ್ಲಿ ಬರದಿದ್ದರೆ ಬೆನ್ನು ತಿರುಗಿಸಬೇಕು.

ಬಲೆಯ ದಿನ ಊರಿಗೆ ಊರೇ ಬಂದಿತ್ತು. ಹಿಂದೆ ಬೆನ್ನು ತಿರುಗಿಸಿ ಹೋದವರನ್ನೂ ಗೌಡರು ಕರೆಸಿದ್ದರು. ಜವರಮ್ಮ ನನ್ನ ಪಕ್ಕದಲ್ಲಿ ನನ್ನ ಮುಂಗೈ ಹಿಡಿದು ನಿಂತಿದ್ದಳು. ಮೊದಲು ದೊಡ್ಡ ಕಣ್ಣಿನ ಕಡೆ ಎಳೆದರು. ಬಲೆಯನ್ನು ತೇಲಿಸುವ ಬೆಂಡುಗಳೆಲ್ಲ ಮುಳುಗಿದವು. ನಾಲ್ಕು ಜನ ಹಿಡಿದರೂ ತೂಗಾಡುವಂಥ ಮೀನು, ನಾವು ದಿಮ್ಮಿ ಎನ್ನುತ್ತಿದ್ದ ಅದೇ ಕಪ್ಪು ಬೆನ್ನು, ಗಾಳಿಗೆ ಬಂದು ಬಾಯಿ ತೆರೆಯಿತು. “ಲೋ ಮಗಾ! ಎಮ್ಮೇಗೆ ನೀರ್ ಕುಡ್ಸಿದ್ಯೇನ್ಲಾ?” ಏರಿಯ ಮೇಲಿನ ಹಕ್ಕಿಗಳೆಲ್ಲ ಎದ್ದವು. ಕೆರೆಗೆ ಬೆನ್ನು ಮಾಡಿ ನಿಂತಿದ್ದ ಗೌಡರು ಗಿರಕ್ಕನೆ ತಿರುಗಿದರು. ಆ ಬಿಳಿಮೀಸೆಯ ಮನುಷ್ಯ ಮೊಣಕಾಲುದ್ದ ನೀರಿಗಿಳಿದು ಚಿಕ್ಕ ಹುಡುಗನ ಹಾಗೆ ಕೂಗಿದರು: “ಕುಡ್ಸಿವ್ನಿ ಕಣಪ್ಪೋ! ಕುಡ್ಸಿವ್ನಿ!” ಯಾರೂ ನಗಲಿಲ್ಲ.

ಆಮೇಲೆ ಸಣ್ಣ ಕಣ್ಣಿನ ಕಡೆ. ತುದಿಯ ಒಂದು ಮಾರು ಮೇಲೆ ಬಂತು. ಮೊದಲು ನಮಗೆ ಏನೂ ಕೇಳಿಸಲಿಲ್ಲ. ಊರು ತನ್ನ ಗದ್ದಲದಲ್ಲಿತ್ತು. ಗೌಡರು ಕೈ ಎತ್ತಿದರು. ಒಬ್ಬೊಬ್ಬರೇ ಬಾಯಿ ಮುಚ್ಚಿದರು. ನಾನು ಬಂದಾಗಿನಿಂದ ಈ ಊರು ಅಷ್ಟು ಸುಮ್ಮನಾದದ್ದನ್ನು ಕಂಡಿರಲಿಲ್ಲ. ಆಗ ಕೇಳಿಸಿತು. ಬಲೆಯ ಆ ತುಂಡೆಲ್ಲ ಪಿಸುಗುಡುತ್ತಿತ್ತು. “ಹುಷಾರು.” “ನಂಗೇನ್ ಬ್ಯಾಡ.” “ಇಲ್ಲೇ ಇವ್ನಿ.” ಮಾತು ಕಲಿಯುವ ಮೊದಲೇ ಹೋದ ಕೂಸುಗಳ ಬರೀ ಉಸಿರು. ಜನ ಒಬ್ಬರ ಮೇಲೊಬ್ಬರು ಬಗ್ಗಿ ಹುಡುಕುತ್ತಿದ್ದರು. ಈರಾಜಮ್ಮನೂ ಬಂದಳು. ಜವರಮ್ಮ ಅಂಗೈ ಒಡ್ಡಿದಳು, ಕಿವಿ ತಗ್ಗಿಸಿದಳು, “ಊದ್ಕಂಡು ತಿನ್ನು” ಎಂಬುದನ್ನು ತಾನೇ ಕೇಳಿದಳು. “ಹೂಂ ಕಣವ್ವ, ಹೂಂ” ಎಂದಳು. ಮೀನನ್ನು ನೀರಿಗಿಟ್ಟಳು.

ಅದು ಓರೆಯಾಗಿ ತೇಲಿತು. ನೆಟ್ಟಗಾಗಲಿಲ್ಲ. ಜವರಮ್ಮ ನೀರನ್ನು ಮೆಲ್ಲಗೆ ಅಲುಗಿಸಿದಳು, ಬೆರಳಿನಿಂದ ಎತ್ತಿ ಹಿಡಿದಳು. ಅದರ ಕಿವಿರು ನನ್ನ ದಾರಕ್ಕೆ ಸಿಕ್ಕಿ ಹರಿದಿತ್ತು. ಅತ್ತಿತ್ತ ನೋಡಿದೆ. ಮಾತು ಆಡಿ ಮುಗಿಸಿದ ಪುಡಿಮೀನುಗಳಲ್ಲಿ ಬಹಳಷ್ಟು ಹಾಗೇ ಬಿಳಿ ಹೊಟ್ಟೆ ತೋರಿಸಿಕೊಂಡು ತೇಲುತ್ತಿದ್ದವು. ದೊಡ್ಡವು ತಾಳಿಕೊಳ್ಳುತ್ತವೆ. ಸಣ್ಣವುಗಳ ಉಸಿರು ಒಂದೇ ಮಾತಿಗೆ ತೀರಿಹೋಗುತ್ತದೆ. ಜವರಮ್ಮ ನನ್ನನ್ನು ನೋಡಿದಳು. ಆ ನೋಟದಲ್ಲಿ ಬೈಗುಳ ಇರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಗಂಡಸರು ಉಳಿದ ಬಲೆಗೆ ಕೈ ಹಾಕಿದರು. ಸಣ್ಣ ಕಣ್ಣಿನದೇ ಇನ್ನೂ ಎಷ್ಟೋ ಮಾರು ನೀರಿನೊಳಗಿತ್ತು. ನಮ್ಮವರು ಅದರಲ್ಲಿದ್ದಾರೆ ಎಂದು ನನಗೆ ಖಾತ್ರಿಯಾಗಿ ಅನ್ನಿಸಿತು. ಯಾಕೆ ಎಂದು ಕೇಳಬೇಡಿ. ಇನ್ನು ನಾಲ್ಕು ಎಳೆತ, ಅವರ ದನಿ. ಎರಡೇ ಅಕ್ಷರ. ಮೂರು ವರ್ಷ ಉಸಿರು ಹಿಡಿದು ಕಾದದ್ದು. “ಬಿಡ್ರೋ!” ಎಂದು ಕೂಗಿದೆ. ನನ್ನ ಜನ್ಮದಲ್ಲಿ ಅಷ್ಟು ಗಟ್ಟಿಯಾಗಿ ಕೂಗಿದ್ದಿಲ್ಲ. “ಎತ್ತಬ್ಯಾಡ್ರೋ, ಹಂಗೇ ಬಿಡ್ರೋ ನೀರ್ಗೆ!” ಬಲೆ ಹಿಡಿದ ಗಂಡಸರು ತಬ್ಬಿಬ್ಬಾಗಿ ಗೌಡರ ಮುಖ ನೋಡಿದರು. “ಕೆಂಪಾಜಮ್ಮ, ನಿಂಗಿದು ಮೂರ್ನೇದು. ಎತ್ತದಿದ್ರೆ...” ಎಂದರು ಗೌಡರು. “ಗೊತ್ತು ಗೌಡ್ರೆ” ಎಂದೆ.

ಸೀರೆ ಎತ್ತಿ ಕಟ್ಟಿ ನೀರಿಗಿಳಿದೆ. ಎದೆಮಟ್ಟದವರೆಗೆ ಹೋಗಿ, ಬಲೆ ಹಿಡಿದು, ನೀರೊಳಗೇ ಕೈಯಾಡಿಸಿದೆ. ಜನರ ಓಡಾಟಕ್ಕೆ ನೀರು ಕದಡಿತ್ತು, ಏನೂ ಕಾಣುತ್ತಿರಲಿಲ್ಲ. ಬೆರಳಿಗೆ ಒಂದು ಸಣ್ಣ ಮೈ ಸಿಕ್ಕಿತು, ಚಡಪಡಿಸುತ್ತಿತ್ತು. ದಾರವನ್ನು ಉಗುರಿನಿಂದ ಸಡಿಲಿಸಿ ಬಿಟ್ಟೆ. ಇನ್ನೊಂದು. ಮತ್ತೊಂದು. ನಾನು ಹಾಕಿದ ಗಂಟುಗಳು, ಬಿಚ್ಚುವ ಜಾಗ ನನ್ನ ಬೆರಳಿಗೆ ಗೊತ್ತಿತ್ತು. ಹಿಂದೆ ನೀರು ಕಲಕಿದ ಸದ್ದಾಯಿತು. ಜವರಮ್ಮ ಬಂದಳು. ಆಮೇಲೆ ಬಲೆ ಹೆಣೆಯುವ ಹೆಂಗಸರೆಲ್ಲ ಸಾಲಾಗಿ ಇಳಿದರು. ಪ್ರತಿಯೊಂದನ್ನು ಬಿಡುವಾಗಲೂ ಇದೇ ಇರಬಹುದು ಎನ್ನಿಸುತ್ತಿತ್ತು, ಅಂಗೈಯಲ್ಲಿ ಒಂದು ಕ್ಷಣ ಹೆಚ್ಚು ಹಿಡಿಯಬೇಕೆನ್ನಿಸುತ್ತಿತ್ತು, ಬಿಡುತ್ತಿದ್ದೆ. ಅವರನ್ನು ನಾನು ಮುಟ್ಟಿದೆನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಬಲೆ ಖಾಲಿಯಾದಾಗ ನನ್ನ ಬೆರಳೆಲ್ಲ ಸುಕ್ಕಾಗಿದ್ದವು. ಅಷ್ಟು ಜನರ ನಡುವೆ, ಕೆರೆಯ ನೀರಿನಲ್ಲಿ ನಿಂತು, ಗಂಡ ಸತ್ತ ದಿನವೂ ಅಳದ ಹಾಗೆ ಅತ್ತೆ.

ನಾನಾಗಿಯೇ ನೀರಿಗೆ ಬೆನ್ನು ಮಾಡಿ ಮೆಟ್ಟಿಲು ಹತ್ತಲು ಹೊರಟೆ. ಗೌಡರು ಅಡ್ಡ ನಿಂತರು. ಈಗ ಅವರು ಕೆರೆಗೆ ಮುಖ ಮಾಡಿ ನಿಂತಿದ್ದರು. “ತಿರುಗವ್ವ ಕೆರೆ ಕಡೀಕೆ” ಎಂದರು. “ಎತ್ತದೇ ಇರೋ ಬಲೇಲಿ ಯಾರಿಲ್ಲ ಅಂತ ನಾನೆಂಗ್ ಹೇಳ್ಲಿ?” ಆಮೇಲೆ ಊರಿನ ಕಡೆ ತಿರುಗಿ ಆ ವರ್ಷದ ಮಾತು ಹೇಳಿದರು: “ಬಂದೋರ್ನ ಕೇಳ್ಸ್ಕಂಡ್ರಿ. ಬಾರದೋರು ಎಷ್ಟು ಜನವೋ, ನಂಗೊತ್ತಿಲ್ಲ. ಇನ್ ಮ್ಯಾಲೆ ಯಾರೂ ಬೆನ್ ತಿರುಗ್ಸಬ್ಯಾಡಿ.”

ಸಣ್ಣ ಕಣ್ಣಿನ ಬಲೆಯನ್ನು ಜವರಮ್ಮ ಮತ್ತು ನಾನು ಬಿಚ್ಚಿ ದಾರ ಸುತ್ತಿಟ್ಟೆವು. ಊರು ಪೂರ್ತಿ ಬದಲಾಯಿತೆಂದರೆ ಸುಳ್ಳಾದೀತು, ಅಭ್ಯಾಸ ಬಿಡುತ್ತದೆಯೇ, ಉಪ್ಪು ಕೇಳುವುದು ಈಗಲೂ ಹಿಂದಿನ ಬೀದಿಗೆ ಕೇಳಿಸುತ್ತದೆ. ಆದರೆ ಅಳದ ಮಗುವನ್ನು ಯಾರೂ ಚಿವುಟುವುದಿಲ್ಲ. ನಾನು ದಿನವೂ ಸಂಜೆ ಕೈಕಾಲು ತೊಳೆದು, ಒಂದು ಚೂರು ಮುದ್ದೆ ಹಿಡಿದುಕೊಂಡು ಕೆರೆಯ ಕೊನೆಯ ಮೆಟ್ಟಿಲಿಗೆ ಹೋಗುತ್ತೇನೆ. ಕಾಲು ಇಳಿಬಿಟ್ಟು ಕೂತರೆ ಪುಡಿಮೀನುಗಳು ಬಂದು ಹಿಮ್ಮಡಿಯ ಬಿರುಕು ಕಚ್ಚುತ್ತವೆ. ಮುದ್ದೆಯನ್ನು ಸಣ್ಣದಾಗಿ ಚೂರು ಮಾಡಿ ನೀರಿಗೆ ಹಾಕುತ್ತೇನೆ. ಕೈ ಮಾತ್ರ ಹಾಕುವುದಿಲ್ಲ. ಬಗ್ಗಿ, ನನ್ನ ಈ ಹಾಳು ಗಂಟಲನ್ನು ಆದಷ್ಟು ತಗ್ಗಿಸಿ, “ಉಂಡ್ರಾ?” ಎಂದು ಕೇಳುತ್ತೇನೆ. ಕೇಳಿ ಸುಮ್ಮನೆ ಕೂತಿರುತ್ತೇನೆ. ನೀರು ಏನೂ ಹೇಳುವುದಿಲ್ಲ. ಅವರೂ ಹಾಗೇ ಇದ್ದವರು.